ಆಮೆಗೆ ತಂದ ಖಣ

ನಮ್ಮ ಅತ್ತೆಯವರ ಕೈಚೀಲದ ವಿಷಯ ಮೊದಲು ಹೇಳಿಬಿಡುತ್ತೇನೆ, ಆ ಚೀಲ ಇರದಿದ್ದರೆ ಇದರಲ್ಲಿ ಅರ್ಧ ನಡೆಯುತ್ತಲೇ ಇರಲಿಲ್ಲ. ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡವರು ಹೊನ್ನಾವರ ಬರುವವರೆಗೂ ಅದನ್ನು ಕೆಳಗಿಡಲಿಲ್ಲ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸುವಾಗ, "ಕೊಡ್ರಿ ಅತ್ಯಾರ, ನಾ ಹಿಡಕೋತೇನಿ" ಎಂದು ಕೈ ಚಾಚಿದೆ.

"ನಿನ್ನ ಕೈಯಾಗ ನಿನ್ನ ಫೋನ ನೆಟ್ಟಗ ಇರಂಗಿಲ್ಲ" ಎಂದು ಚೀಲವನ್ನು ಇನ್ನೊಂದು ಬಗಲಿಗೆ ಸರಿಸಿಕೊಂಡರು. ಮೆಚ್ಚಿ ಮಾತಾಡುವ ಚಟ ಅವರಿಗೆ ಮೊದಲಿಂದಲೂ ಇಲ್ಲ.

ಚೀಲದಲ್ಲಿದ್ದದ್ದು ನನ್ನ ನಾದಿನಿಯ ಕುಬಸದ, ಅಂದರೆ ಸೀಮಂತದ ಸಾಮಾನು. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಖಣದ ಕುಬಸ ತೊಡಿಸಿ, ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬುತ್ತಾರೆ. ಆಮೇಲೆ ಹೆರಿಗೆಗೆಂದು ಮನೆಗೆ ಕರೆದುಕೊಂಡು ಬರುತ್ತಾರೆ. ಆ ಹಸಿರು ಸೀರೆಯನ್ನು ಮಾವನವರು ತಮ್ಮ ಮಗ್ಗದಲ್ಲಿ ತಾವೇ ನೇಯ್ದಿದ್ದರು. ಕೆಂಪು ಸೆರಗು, ಅಗಲ ದಡಿ. ಕುಬಸ ಹೊಲಿದವಳು ನಾನು, ಇಳಕಲ್ಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆಯ ಖಣ ಗುಳೇದಗುಡ್ಡದ್ದು. ಬಳೆಗಳನ್ನು ನಮ್ಮ ಓಣಿಯ ಬಳೆಗಾರ್ತಿ, ನಮಗೆಲ್ಲ ಚಿಕ್ಕಮ್ಮನಂಥ ಖಾಲಾ, ಹಳೆಯ ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದರು. "ಆ ಪೋರಿ ಕೈಗೆ ನಾನ ಇಡಬೇಕಾಗಿತ್ತು. ನೀ ಇಡೂ ಮುಂದ ಸಾವಕಾಶ ಇಡು, ಆಕಿ ಕೈ ಭಾಳ ಮೆತ್ತಗ" ಎಂದು ನನಗೆ ಪಾಠ ಬೇರೆ ಹೇಳಿದ್ದರು.

ನಾದಿನಿಯನ್ನು ಊರಿಗೆ ಕರೆತರುವಂತಿರಲಿಲ್ಲ. ಅವಳ ಗಂಡನಿಗೆ ಹೊನ್ನಾವರದ ಹತ್ತಿರದ ಕಡಲ ಊರೊಂದರಲ್ಲಿ ಸರ್ಕಾರಿ ನೌಕರಿ. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳು ತುಂಬಿದ್ದರೂ, ಬಸ್ಸಿನ ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮಗಳು ತವರಿಗೆ ಬರಲಾಗದಿದ್ದರೆ ತವರನ್ನೇ ಚೀಲದಲ್ಲಿ ತುಂಬಿಕೊಂಡು ಹೋಗುವುದು ಎಂದು ಅತ್ತೆ ಹೊರಟಿದ್ದರು. ಜೊತೆಗೆ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಮೀನಗಡದ ಕರದಂಟು. ಅವನ್ನೆಲ್ಲ ಹೊತ್ತವಳು ನಾನು.

ನಾದಿನಿಯ ಕ್ವಾರ್ಟರ್ಸಿನಿಂದ ಸಮುದ್ರ ಕೂಗಳತೆಯಲ್ಲೇ ಇತ್ತು. ದಾರಿಯುದ್ದಕ್ಕೂ ಹೋಮ್‌ಸ್ಟೇಗಳು, ಒಂದೊಂದರ ಮುಂದೆಯೂ ಆಮೆಯ ಚಿತ್ರದ ಬೋರ್ಡು. ಅವನ್ನು ನೋಡಿ ಬಂದ ಅತ್ತೆ, ಚಹಾ ಕುಡಿಯುತ್ತ ಮಗಳನ್ನು ಕೇಳಿದರು. "ಇಲ್ಲಿ ಆಮಿ ಯಾಕ ಇಷ್ಟ?"

"ಈಗ ಹಂಗಾಮ, ಅವ್ವಾ. ದೊಡ್ಡ ದೊಡ್ಡ ಆಮಿ ತತ್ತಿ ಇಡಾಕ ದಂಡಿಗೆ ಬರ್ತಾವ. ಅದನ್ನ ನೋಡಾಕ ಮಂದಿ ಗಾಡಿ ಮಾಡ್ಕೊಂಡು ಬರ್ತಾರ."

"ಎಲ್ಲಿಂದ ಬರ್ತಾವ?"

"ಭಾಳ ದೂರದಿಂದ. ತಾವು ಹುಟ್ಟಿದ ಕಡೀಗೇ ಹೊಳ್ಳಿ ಬರ್ತಾವಂತ."

ಅತ್ತೆ ಬಟ್ಟಲು ಕೆಳಗಿಟ್ಟರು. "ಅಂದ್ರ ತವರಿಗೆ ಬರ್ತಾವ" ಎಂದರು. ಮಗಳ ಹೊಟ್ಟೆಯ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ. "ಸಮುದ್ರದಾಗಿಂದ ಆಕಿಗೆ ಬರಾಕ ಆತು" ಎಂದು ಸಣ್ಣ ದನಿಯಲ್ಲಿ ಹೇಳಿದರು. ನಾನು ರೊಟ್ಟಿಯ ಗಂಟು ಬಿಚ್ಚುವ ನೆಪದಲ್ಲಿ ಒಳಗೆ ಹೋದೆ.

ಹೊರಬಂದಾಗ ಅತ್ತೆ ನಡುಮನೆಯಲ್ಲಿ ಸ್ಟೀಲಿನ ತಾಟು ಹಿಡಿದು ಕೂತಿದ್ದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಕುಂಕುಮ, ನಾನು ಇರಲಿ ಎಂದು ಹೆಚ್ಚಿಗೆ ತಂದಿದ್ದ ಇನ್ನೊಂದು ಖಣ. ನಡುವೆ ತುಪ್ಪದ ದೀಪ.

"ಇದ್ಯಾರಿಗ್ರಿ?"

"ಆಮಿಗೆ. ತವರಿಗೆ ಬಂದ ಬಸುರಿನ ಬರಿ ಉಡೀಲೆ ಕಳಸ್ತಾರೇನು?"

ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. "ಅತ್ಯಾರ, ಆಮಿ ಉಡಿ ಒಡ್ಡೂದು ಹೆಂಗ್ರಿ? ಅದಕ್ಕ ಸೆರಗ ಇಲ್ಲ!" ಅವರು ನಗಲಿಲ್ಲ. ಅವರು ನಗದಿದ್ದಾಗ ನಾನು ಹೋಗಿ ಚಪ್ಪಲಿ ಹಾಕಿಕೊಳ್ಳುವುದು ನಮ್ಮ ಮನೆಯ ರೂಢಿ.

ಆಗತಾನೆ ಕತ್ತಲಾಗಿತ್ತು. ಊಟಕ್ಕೆ ಮುಂಚೆ ಒಂದು ಸುತ್ತು ಎಂದು ಹೋಮ್‌ಸ್ಟೇ ಮಂದಿಯೆಲ್ಲ ದಂಡೆಯಲ್ಲೇ ಇದ್ದರು. ನಾವು ಮರಳಿಗೆ ಕಾಲಿಡುವುದಕ್ಕೂ "ಬಂತು, ಬಂತು" ಎಂಬ ಗದ್ದಲ ಏಳುವುದಕ್ಕೂ ಸರಿಹೋಯಿತು. ನೀರಿನಿಂದ ದೊಡ್ಡ ಬುಟ್ಟಿಯಷ್ಟು ಅಗಲದ ಕರಿ ಬೆನ್ನೊಂದು ಮೇಲೆ ತೆವಳುತ್ತಿತ್ತು. ಮಂದಿ ಎದ್ದು ಓಡಿದರು. ಎಲ್ಲರ ಫೋನಿನ ದೀಪಗಳೂ ಒಮ್ಮೆಲೇ ಹೊತ್ತಿಕೊಂಡವು. ಒಬ್ಬಾತ ತನ್ನ ಮಗುವನ್ನು ಎತ್ತಿಕೊಂಡು, ಆಮೆಯ ಬೆನ್ನ ಮೇಲೆ ಕೂರಿಸಿ ಫೋಟೋ ತೆಗೆಯಲು ಹವಣಿಸುತ್ತಿದ್ದ. ಅರಣ್ಯ ಇಲಾಖೆಯ ಕಾವಲಿನವರು ಒಬ್ಬರೇ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, "ಬೆಳಕು ಆರ್ಸಿ, ಹಿಂದೆ ಸರೀರಿ" ಎಂದು ಬೇಡಿಕೊಳ್ಳುತ್ತಿದ್ದರು.

ನನಗೆ ಪಿತ್ತ ನೆತ್ತಿಗೇರಿತು. "ಏ, ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಸರೀರಿ ಅತ್ತಾಗ!" ಎಂದು ಗಂಟಲು ಹರಿಯುವಂತೆ ಕಿರುಚಿದೆ.

ಕಾವಲಿನವರು ನನ್ನ ಕಡೆ ತಿರುಗಿ ಕೈ ಮುಗಿದರು. "ಅಕ್ಕಾ, ಮೊದ್ಲು ನೀವು ಕೂಗೂದು ನಿಲ್ಸಿ."

ಈ ಮಧ್ಯೆ ಅತ್ತೆ ಎಲ್ಲರನ್ನೂ ದಾಟಿ ಮುಂದೆ ಹೋಗಿಬಿಟ್ಟಿದ್ದರು. ಉಡಿಯನ್ನು ಯಾರೂ ಬೆನ್ನ ಹಿಂದಿನಿಂದ ತುಂಬುವುದಿಲ್ಲವಲ್ಲ. ಗಾಳಿಗೆ ದೀಪ ಆರದಂತೆ ಅಂಗೈ ಮರೆ ಮಾಡಿ, ಆಮೆಯ ನೇರ ಎದುರಿಗೆ ಮಂಡಿಯೂರಿದರು. ದೀಪ ಅದರ ಮುಖದಿಂದ ಗೇಣಿನಷ್ಟು ದೂರದಲ್ಲಿತ್ತು. "ಬಾ ನಮ್ಮವ್ವಾ, ದಣದ ಬಂದೀದಿ" ಎನ್ನುತ್ತಿದ್ದರು. ಆಮೆ ನಿಂತಿತು. ಕತ್ತು ಪಕ್ಕಕ್ಕೆ ಹೊರಳಿಸಿತು. ಆಮೇಲೆ ಭಾರವಾದ ಮೈಯನ್ನು ಅರ್ಧ ಸುತ್ತು ತಿರುಗಿಸಿ, ಬಂದ ದಾರಿಯಲ್ಲೇ ನೀರಿಗಿಳಿದುಹೋಯಿತು.

ಮಂದಿ "ಅಯ್ಯೋ" ಎಂದು ಚದುರಿದರು. ಕೆಲವರು ಅದರ ಹೆಜ್ಜೆ ಗುರುತಿನ ಫೋಟೋ ತೆಗೆದುಕೊಂಡರು. ಅತ್ತೆ ತಾಟು ಹಿಡಿದು ಹಾಗೇ ಕೂತಿದ್ದರು.

"ಯಾಕ ಹೋತು, ತಮ್ಮಾ?" ಎಂದು ಕೇಳಿದರು.

ಕಾವಲಿನವರಿಗೆ ಸಿಟ್ಟು ಬಂದಿರಬೇಕು, ಆದರೆ ಮುಖ ನೋಡಿ ನುಂಗಿಕೊಂಡರು. "ಬೆಳಕಿಗೆ ಹೆದರ್ತದೆ ಅಮ್ಮ. ಎದುರಿಗೆ ಯಾರಾದ್ರೂ ಬಂದ್ರೂ ಹೆದರ್ತದೆ. ಮೊಟ್ಟೆ ಹೊಟ್ಟೆಯಲ್ಲೇ ಇಟ್ಕೊಂಡು ಹೋಯ್ತು."

"ಫೋನಿನ ಬೆಳಕಿಗಲ್ಲೇನು?"

"ಫೋನೂ ಒಂದೇ, ನಿಮ್ಮ ದೀಪವೂ ಒಂದೇ, ಅಮ್ಮ."

ಆ ರಾತ್ರಿ ಅತ್ತೆ ಊಟ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಮಗಳನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿಬಿಟ್ಟರು. "ಶುಕ್ರವಾರದ ಕುಬಸ ನಾ ಮಾಡಂಗಿಲ್ಲ. ಇಕಿ ಮಾಡ್ತಾಳ, ನಿಮ್ಮ ವೈನಿ. ತುಂಬಿದ ಬಸುರಿನ ಬಾಗಲದಿಂದ ಹೊಳ್ಳಿಸಿದ ಕೈ ಇದು. ಈ ಕೈಲೆ ನಾ ನಿನ್ನ ಉಡಿ ತುಂಬಲಾ?"

ನಾದಿನಿಯ ಮುಖ ಬಾಡಿತು. ಹಿಂದಿನ ವರ್ಷದ ದುಃಖ ಆ ಮನೆಯಲ್ಲಿ ಇನ್ನೂ ಬಾಗಿಲ ಹಿಂದೆಯೇ ನಿಂತಿತ್ತು. ಅವ್ವನ ಕೈಯ ಉಡಿಯೊಂದೇ ಅವಳು ತವರಿನಿಂದ ಬಯಸಿದ್ದು. "ಅವ್ವಾ, ಹಂಗ ಅನಬ್ಯಾಡ" ಎಂದು ಅಳತೊಡಗಿದಳು.

ನನಗೆ ತಡೆಯಲಾಗಲಿಲ್ಲ. "ಕಡಲಾಗಿನ ಆಮಿಗೂ ನಿಮ್ಮ ಮಗಳಿಗೂ ಏನ್ ಸಂಬಂಧರೀ? ಇಲ್ಲದ್ದು ತಲಿಗೆ ಹಚಗೊಂಡು ಬಸುರಿ ಹೆಂಗಸಿನ ಅಳಸ್ತೀರಲ್ಲ!"

"ನಿನಗ ತಿಳಿಯಂಗಿಲ್ಲ, ಬಿಡು" ಎಂದರು. ನನಗೆ ತಿಳಿದಿತ್ತು. ತಿಳಿದದ್ದಕ್ಕೇ ಅಷ್ಟು ಸಿಟ್ಟು ಬಂದದ್ದು.

ಕಾವಲಿನವರನ್ನು ಹುಡುಕಿಕೊಂಡು ಹೋಗಿ ಕೇಳಿದೆ, ಅದು ಮತ್ತೆ ಬರುತ್ತದೆಯೇ ಎಂದು. ಹಾಗೆ ತಿರುಗಿಹೋದದ್ದು ಎಷ್ಟೋ ಸಲ ಒಂದೆರಡು ದಿನದಲ್ಲಿ ಅಲ್ಲೇ ಆಸುಪಾಸು ಬರುತ್ತದೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಎಷ್ಟು ದಿನ ತಿರುಗುತ್ತದೆ ಎಂದರು. ಅದನ್ನು ಕೇಳಿದ್ದೇ ತಡ, ಅತ್ತೆ ಮರುದಿನ ನಸುಕಿನಲ್ಲೇ ಎದ್ದು ಚೀಲ ಬಗಲಿಗೆ ಹಾಕಿಕೊಂಡು ದಂಡೆಗೆ ಹೊರಟರು. ಚೀಲದಲ್ಲಿ ಕುಬಸದ ಸೀರೆ, ಬಳೆ, ಎಲ್ಲ ಹಾಗೇ ಇತ್ತು. ರಾತ್ರಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು.

"ದೀಪ ಒಯ್ಯಂಗಿಲ್ಲ" ಎಂದು ನಾನು ಕೇಳುವ ಮೊದಲೇ ಹೇಳಿದರು.

ಮೊದಲ ದಿನ ಏನೂ ಬರಲಿಲ್ಲ. ಕಾವಲಿನವರ ಪಕ್ಕದಲ್ಲಿ ಕೂತು ಅತ್ತೆ ತಮ್ಮ ತವರು ಬಾದಾಮಿಯ ಕಥೆ ಹೇಳಿದರು. ಗುಹೆ ನೋಡಲು ಬಂದವರು ನಗುತ್ತ ಮಂಗಗಳಿಗೆ ಬಾಳೆಹಣ್ಣು, ಬಿಸ್ಕೀಟು ಕೊಡುತ್ತಿದ್ದರು. ಈಗ ಅವು ಹಣ್ಣಿನ ಕೈಚೀಲ ಕಂಡರೆ ಮೈಮೇಲೆ ಬೀಳುತ್ತವೆ. "ಬಂದವರು ಫೋಟೋ ತಕ್ಕೊಂಡು ಹೋದರು. ಮಂಗ್ಯಾ ಕೆಟ್ಟು ನಮ್ಮ ಪಾಲಿಗೆ ಉಳದ್ವು" ಎಂದರು. ಆಮೇಲೆ, "ಮಂದೀನ ಬೈದು ಏನ್ ಮಾಡ್ಲಿ. ಅವರೂ ಪ್ರೀತೀಲೆ ಕೊಟ್ಟಿದ್ರು, ನಾನೂ ಪ್ರೀತೀಲೆ ದೀಪ ಹಿಡದಿದ್ನಿ" ಎಂದರು. ನಾನು ಮರಳು ಕೆದರುತ್ತ ಕೂತೆ.

ಗುರುವಾರ ನಸುಕಿನಲ್ಲಿ ಅದು ಬಂತು. ಇನ್ನೂ ಮಬ್ಬು. ನೀರಿನಂಚಿನಲ್ಲಿ ಕಪ್ಪಗೆ ಏನೋ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಇಷ್ಟು ತಡವಾಗಿ ಬರುವುದು ಅಪರೂಪ ಎಂದು ಕಾವಲಿನವರು ಪಿಸುಗುಟ್ಟಿದರು. ಮೊದಲಿನದೇ ಹೌದೋ ಅಲ್ಲವೋ ಯಾರು ಬಲ್ಲರು, ಅತ್ತೆಗೆ ಮಾತ್ರ ಅನುಮಾನವೇ ಇರಲಿಲ್ಲ. "ಆಕೀನ" ಎಂದು ನನ್ನ ಮೊಣಕೈ ಹಿಡಿದುಕೊಂಡರು.

ಆಮೆ ಮರಳು ಹತ್ತಿ, ಬಳ್ಳಿ ಹಬ್ಬಿದ ಕಡೆ ತಲುಪಿತು. ಅಷ್ಟರಲ್ಲೇ ಹೋಮ್‌ಸ್ಟೇ ಕಡೆಯಿಂದ ದೀಪಗಳು ಬರತೊಡಗಿದವು. ಯಾರೋ ಅಲ್ಲಿಗೂ ಸುದ್ದಿ ಮುಟ್ಟಿಸಿದ್ದರು. ಹಿಂದಿನ ಸಂಜೆ ಟೆಂಪೋ ಮಾಡಿಕೊಂಡು ಬಂದಿಳಿದ ಒಂದು ತಂಡ, ಹೆಂಗಸರು, ಗಂಡಸರು, ಎಲ್ಲರ ಕೈಯಲ್ಲೂ ಫೋನು. ನಾನು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಯ ಮೇಲೆ ಕೈಯಿಟ್ಟು, ತಾವೇ ಎದ್ದು ಬಗ್ಗಿಕೊಂಡು ಆ ಮಂದಿಯ ಎದುರಿಗೆ ಹೋದರು. ನಾನೂ ಹಿಂದೆ ಹೋದೆ.

"ಯಾ ಊರವರ್ರೆಪಾ ನೀವು?" ಎಂದು ಮೆಲ್ಲಗೆ ಕೇಳಿದರು.

ಮುಂದಿದ್ದ ಗಂಡಸು ತಬ್ಬಿಬ್ಬಾದ. "ಹುನಗುಂದ್ರೀ, ಅಜ್ಜಿ."

ಹುನಗುಂದ! ನಮ್ಮ ಮನೆಯಿಂದ ಎಷ್ಟು ದೂರವಿದ್ದೀತು, ಪಕ್ಕದ ಊರೇ. ಅತ್ತೆಯ ದನಿಗೆ ಒಮ್ಮೆಲೇ ಅಧಿಕಾರ ಬಂತು. "ಹುನಗುಂದದವ ಆಗಿ ಹಿಂಗ ಮಾಡ್ತಿ? ನಿನ್ನ ಹೇಣ್ತಿ ಹಡಿಯೂ ಮುಂದ ಮಾರಿಗೆ ಬ್ಯಾಟ್ರಿ ಹಿಡದಿದ್ದೇನು?"

ಅವನ ಹಿಂದೆ ನಿಂತಿದ್ದ ಹೆಂಡತಿ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅವನ ಫೋನಿನ ದೀಪ ಆರಿತು.

"ಆಕಿ ಹಡಿಯಾಕ ತವರಿಗೆ ಬಂದಾಳ. ಅದು ಬಾಣಂತಿ ಕ್ವಾಣಿ ಐತಿ. ಗಂಡಸರು ಹಿಂದ ಹೋಗ್ರಿ. ಹೆಣ್ಮಕ್ಕಳು ಬರ್ರಿ, ಮರೆ ಹಿಡೀರಿ."

ಮರೆ ಹಿಡಿಯುವುದು ಎಂದರೇನು ಎಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಲದ ಬದುವಿನಲ್ಲೋ, ಬಸ್ಸಿನಲ್ಲೋ, ದವಾಖಾನೆಗೆ ಹೋಗುವ ದಾರಿಯಲ್ಲೋ ಒಬ್ಬಳಿಗೆ ನೋವು ಬಂದರೆ ಉಳಿದವರು ಸೆರಗು ಹಿಡಿದು ಸುತ್ತ ನಿಲ್ಲುತ್ತಾರೆ. ದೀಪಗಳು ಒಂದೊಂದಾಗಿ ಆರಿದವು. ಹೆಂಗಸರು ಶಾಲು, ದುಪಟ್ಟಾ, ಹೊದ್ದುಕೊಂಡಿದ್ದ ಚಾದರ ಬಿಚ್ಚಿದರು. ಕಾವಲಿನವರು ಕೆಂಪು ಕಾಗದ ಸುತ್ತಿದ ಬ್ಯಾಟರಿಯಿಂದ ನೆಲ ತೋರಿಸುತ್ತ, ಇಷ್ಟೇ ದೂರ, ಇದಕ್ಕಿಂತ ಹತ್ತಿರ ಬೇಡ, ಕಡಲಿನ ಕಡೆ ಪೂರ್ತಿ ಬಿಡಿ ಎಂದು ಕೈಸನ್ನೆ ಮಾಡಿದರು. ಆಮೆಯಿಂದ ದೂರದಲ್ಲಿ, ಊರಿನ ಕಡೆಗೆ ಸಾಲಾಗಿ ಬಟ್ಟೆ ಎದ್ದು ನಿಂತಿತು.

ನಡುವೆ ಒಂದು ಕಡೆ ಬಟ್ಟೆ ಸಾಲಲಿಲ್ಲ. ಅಲ್ಲಿಂದ ಹೋಮ್‌ಸ್ಟೇಯ ದೊಡ್ಡ ದೀಪ ನೇರವಾಗಿ ಮರಳಿನ ಮೇಲೆ ಬೀಳುತ್ತಿತ್ತು. ಅತ್ತೆ ಚೀಲಕ್ಕೆ ಕೈ ಹಾಕಿದರು. ಹಸಿರು ಸೀರೆ ಹೊರಬಂತು.

"ಅತ್ಯಾರ, ಅದು ಬ್ಯಾಡ" ಎಂದೆ. ಹೊಸ ಸೀರೆಯ ಮಡಿಕೆಯನ್ನು ಮೊದಲು ಬಿಚ್ಚುವುದಕ್ಕೆ ನಾವು ಗಳಿಗೆ ಮುರಿಯುವುದು ಎನ್ನುತ್ತೇವೆ. ಕುಬಸದ ಸೀರೆಯ ಗಳಿಗೆಯನ್ನು ಬಸುರಿಯೇ ಮುರಿಯಬೇಕು. ಮಾವನವರು ಅದನ್ನು ಮಗ್ಗದಿಂದ ಇಳಿಸಿ ತಾವೇ ಮಡಿಸಿಕೊಟ್ಟಿದ್ದರು, ನಮ್ಮ ಯಾರ ಕೈಗೂ ಬಿಚ್ಚಲು ಕೊಟ್ಟಿರಲಿಲ್ಲ.

"ಬಸುರಿ ಸಲುವಾಗಿನ ತಂದದ್ದು. ಹಿಡಿ ಆ ತುದಿ" ಎಂದರು.

ಹಿಡಿದೆ. ಗಳಿಗೆ ಮುರಿಯಿತು. ಗಾಳಿಗೆ ಸೀರೆ ಹಾರದಂತೆ ಕೆಳದಡಿಯನ್ನು ಕಾಲಿನಿಂದ ಮರಳಿಗೆ ಒತ್ತಿ ನಿಂತೆವು. ಅತ್ತೆ ಸೆರಗಿನ ತುದಿ ಹಿಡಿದು ಆಮೆಗೆ ಬೆನ್ನು ಮಾಡಿ ನಿಂತರು. ಅದನ್ನು ನೋಡಲೆಂದು ಅಷ್ಟು ಹಂಬಲಿಸಿದ ಹೆಂಗಸು ಒಮ್ಮೆಯೂ ತಿರುಗಲಿಲ್ಲ. ನಾನು ಒಂದು ಸಲ ಕದ್ದು ನೋಡಿದೆ, ಸುಳ್ಳು ಯಾಕೆ ಹೇಳಲಿ. ಹಿಂಗಾಲುಗಳು ಒಂದಾದ ಮೇಲೆ ಒಂದರಂತೆ ಮರಳು ಎತ್ತಿ ಹಾಕುತ್ತಿದ್ದವು. ಅತ್ತೆ ಕಣ್ಣಲ್ಲೇ ಗದರಿದರು, ಮುಖ ತಿರುಗಿಸಿಕೊಂಡೆ. ಆಮೇಲೆ ಕೇಳಿದ್ದೆಲ್ಲ ಸದ್ದು ಮಾತ್ರ. ಮರಳು ಸರಿಯುವ ಸದ್ದು. ಬಹಳ ಹೊತ್ತಿನ ಮೌನ. ಹುನಗುಂದದವರ ಕೈಗಳು ಸೋತರೂ ಒಬ್ಬರೂ ಬಟ್ಟೆ ಇಳಿಸಲಿಲ್ಲ. ಕೊನೆಗೆ ದಬ್ ದಬ್ ಎಂದು, ಆಮೆ ಮೈಯನ್ನು ಆ ಕಡೆ ಈ ಕಡೆ ಬಡಿದು ಗೂಡಿನ ಮೇಲಿನ ಮರಳನ್ನು ಗಟ್ಟಿ ಮಾಡುವ ಸದ್ದು.

"ಆಯ್ತಮ್ಮ. ಇಟ್ಟು ಮುಚ್ತಾ ಉಂಟು" ಎಂದು ಕಾವಲಿನವರು ಮೆಲ್ಲಗೆ ಹೇಳಿದರು.

"ಹಡದಳು" ಎಂದರು ಅತ್ತೆ. ಅವರ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನನಗೂ ಅಳು ಬಂತು. ಹುನಗುಂದದ ಆ ಹೆಂಡತಿಯೂ ಅಳುತ್ತಿದ್ದಳು, ಅವಳಿಗೆ ಏನು ನೆನಪಾಯಿತೋ ಗೊತ್ತಿಲ್ಲ.

ಆಮೆ ನೀರು ಸೇರಿದ ಮೇಲೆಯೇ ಬಟ್ಟೆಗಳು ಇಳಿದವು. ಆ ಹೊತ್ತಿಗೆ ಬೆಳಕು ಹರಿದಿತ್ತು. ಮುಂದಿದ್ದ ಗಂಡಸು ಸಂಕೋಚದಿಂದ ಬಂದು, "ಅಜ್ಜಿ, ಈಗ ಒಂದ ಫೋಟೋ ತಕ್ಕೊಳ್ಳೇನ್ರಿ?" ಎಂದ.

"ತಕ್ಕೋ ತಕ್ಕೋ. ಈಗ ಬರೇ ಉಸುಕ ಐತಿ" ಎಂದರು ಅತ್ತೆ. ಅವನು ನಿಜವಾಗಿಯೂ ಬರೀ ಮರಳಿನ ಫೋಟೋ ತೆಗೆದುಕೊಂಡ. ಕಾವಲಿನವರು ಗೂಡಿನ ಸುತ್ತ ಬಲೆ ಕಟ್ಟಿದರು. ಅತ್ತೆ ಖಣ ಅಲ್ಲಿಡಬಹುದೇ ಎಂದು ಕೇಳಿದರು. ಗೂಡಿನ ಮೇಲೆ ಏನೂ ಇಡಬಾರದು ಎಂದಾಗ ತಕರಾರು ಮಾಡದೆ ಚೀಲಕ್ಕೆ ಹಾಕಿಕೊಂಡರು.

ಮನೆಗೆ ಬಂದು ಸೀರೆಯನ್ನು ಮಗಳ ಮುಂದಿಟ್ಟು ಆದದ್ದನ್ನೆಲ್ಲ ಹೇಳಿದರು. ನಾದಿನಿ ಸೀರೆ ಕೊಡವಿದಳು, ನೆಲದ ಮೇಲೆ ಮರಳು ಉದುರಿತು. "ನನಗಿಂತ ಮೊದಲ ಆಕೀನ ಗಳಿಗಿ ಮುರದಾಳಲ್ಲ, ಅವ್ವಾ!" ಎಂದು ನಕ್ಕಳು. ನಾವು ಬಂದಾಗಿನಿಂದ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಶುಕ್ರವಾರ ಅತ್ತೆ ತಮ್ಮ ಕೈಯಿಂದಲೇ ಕುಬಸ ಮಾಡಿದರು. ಬಳೆ ನಾನು ಇಟ್ಟೆ, ಖಾಲಾ ಹೇಳಿದ ಹಾಗೆ ಸಾವಕಾಶವಾಗಿ. ಆರತಿ ಎತ್ತುವಾಗ ಅತ್ತೆ ದೀಪವನ್ನು ಮಗಳ ಮುಖಕ್ಕೆ ಹತ್ತಿರ ಒಯ್ಯದೆ ದೂರದಿಂದಲೇ ಬೆಳಗಿದರು.

ನಾನು ಇಳಕಲ್ಲಿಗೆ ಮರಳಿದೆ, ಅತ್ತೆ ಅಲ್ಲೇ ಉಳಿದರು. ಒಂದೂವರೆ ತಿಂಗಳಿಗೆ, ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ, ಹೆಣ್ಣು ಹುಟ್ಟಿತೆಂದು ಫೋನ್ ಬಂತು. ಆಮೆಗೆ ತಂದಿದ್ದ ಖಣವನ್ನು ಅತ್ತೆ ಮೊದಲೇ ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅದರಲ್ಲಿ ಕೂಸಿಗೆ ಕುಂಚಿಗೆ ಹೊಲಿದುಕೊಂಡು ಹೋದೆ, ನೆತ್ತಿಯಿಂದ ಬೆನ್ನಿನವರೆಗೆ ಇಳಿಯುವಂಥದ್ದು. ಕೂಸಿಗೆ ತೊಡಿಸಿದರೆ ಮೂಗು ಮಾತ್ರ ಕಾಣುತ್ತಿತ್ತು. ನೋಡಲು ಬಂದವರಿಗೆಲ್ಲ ಅತ್ತೆ ಹೊಸ್ತಿಲಲ್ಲೇ ಫೋನ್ ಇಡಿಸುತ್ತಿದ್ದರು.

ಅಂಥ ಒಂದು ಸಂಜೆ ಕಾವಲಿನವರ ಫೋನ್ ಬಂತು. ಆ ಗೂಡಿನಿಂದ ಮರಿಗಳು ಹೊರಡುತ್ತಿವೆ, ಅಮ್ಮನನ್ನು ಕರೆದುಕೊಂಡು ಬೇಗ ಬನ್ನಿ ಎಂದರು. ನಾನು ಆಗಲೇ ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ. "ಏಳ್ರಿ ಅತ್ಯಾರ, ನಿಮ್ಮ ಮಮ್ಮಕ್ಕಳು ಹೊಂಟಾವ!"

ಅತ್ತೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು. ಕ್ಷಣ ಮುಖ ಅರಳಿತು. ಏಳುತ್ತಾರೆಂದುಕೊಂಡೆ.

"ಒಲ್ಲೆವ್ವಾ" ಎಂದರು. "ಹಡದಾಕಿನ ಅವನ್ನ ನೋಡಲಾರದ ಹೋದಳು. ನಾ ನೋಡಿ ಏನ್ ಮಾಡ್ಲಿ? ದೀಪ ಆರಿಸ್ಯಾರೇನು, ಅದನ್ನೊಂದ ಕೇಳು."

ಕೇಳಿದೆ. ದಂಡೆಯ ಕಡೆ ಎಲ್ಲ ಆರಿಸಿದ್ದಾರೆ ಎಂದರು ಕಾವಲಿನವರು. ಅತ್ತೆಗೆ ಅದೂ ಸಾಲಲಿಲ್ಲ. ಕೂಸನ್ನು ಮಗಳ ಮಡಿಲಿಗೆ ಕೊಟ್ಟು, ಎದ್ದು ಹೋಗಿ ನಮ್ಮ ಅಂಗಳದ ಬಲ್ಬು ಆರಿಸಿದರು. ಅದರ ಬೆಳಕು ಸಮುದ್ರ ಮುಟ್ಟುವುದಿರಲಿ, ಎದುರು ಮನೆಯ ಗೋಡೆಯನ್ನೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಆಮೇಲೆ ನಡುಮನೆಯ ಲೈಟೂ ಆರಿತು. ನಾನು ಚಪ್ಪಲಿ ಬಿಟ್ಟು ಅಲ್ಲೇ ಕೂತೆ.

"ಅವ್ವಾ, ಕತ್ತಲಾಗ ಯಾಕ ಕುಂದರಿಸಿದಿ?" ಎಂದಳು ನಾದಿನಿ.

"ಸುಮ್ಮನ ಕುಂದರು" ಎಂದರು ಅತ್ತೆ. "ಆ ಕೂಸುಗಳು ಮನಿ ಮುಟ್ಟಲಿ."